‘ಅಪ್‌ಡೇಟ್ ಏನೂ ಇಲ್ಲ’ ಎಂಬುದನ್ನು ನಂಬಬೇಡಿ: ಹಳೆಯ ಉಬುಂಟು ಸರ್ವರ್ ಇಟ್ಟುಕೊಂಡವರ ಗಮನಕ್ಕೆ

ಗದಗ-ಬೆಟಗೇರಿಯಲ್ಲಿ ಮುದ್ರಣಾಲಯ ನಡೆಸುವವರು, ಹಾಗೆಯೇ ಕಡತಗಳನ್ನೆಲ್ಲ ಒಂದೇ ಲಿನಕ್ಸ್ ಸರ್ವರಿನಲ್ಲಿಟ್ಟು ವ್ಯವಹಾರ ಮಾಡುವ ಇತರರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ನಾನು ಲೆಕ್ಕಪತ್ರ ನೋಡಿಕೊಳ್ಳುವ ಮುದ್ರಣಾಲಯದಲ್ಲಿ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಬಿಲ್‌ಬುಕ್ಕುಗಳ ವಿನ್ಯಾಸಗಳೆಲ್ಲ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ವಿತರಣೆಗಳಲ್ಲಿ (ರೂಪಗಳಲ್ಲಿ) ಒಂದಾದ ಉಬುಂಟುವಿನ 16.04 ಆವೃತ್ತಿ ಹಾಕಿದ್ದ ಒಂದು ಯಂತ್ರದಲ್ಲಿದ್ದವು. ಅದರ ನಿರ್ವಹಣೆಯ ವಾರ್ಷಿಕ ಗುತ್ತಿಗೆ ಹುಬ್ಬಳ್ಳಿಯ ಒಂದು ಸಂಸ್ಥೆಯದಾಗಿತ್ತು. ಅವರ ತಂತ್ರಜ್ಞರು ಬಂದಾಗಲೆಲ್ಲ ಅಪ್‌ಡೇಟ್ ಆಜ್ಞೆ ಕೊಟ್ಟು, ಪರದೆಯಲ್ಲಿ ‘0 ಅಪ್‌ಗ್ರೇಡೆಡ್’ ಎಂದು ಮೂಡಿದ್ದನ್ನು ತೋರಿಸಿ, “ಎಲ್ಲಾ ಅಪ್‌ಡೇಟ್ ಐತ್ರಿ, ಲಿನಕ್ಸಿಗೆ ವೈರಸ್ ಬರೂದಿಲ್ಲ, ಚಿಂತಿ ಮಾಡಬ್ಯಾಡ್ರಿ” ಎಂದು ಹೇಳಿ, ಸಹಿ ಮಾಡಿಸಿಕೊಂಡು ಹೋಗುತ್ತಿದ್ದರು.

16.04ರ ಸಾಮಾನ್ಯ ಬೆಂಬಲ 2021ರ ಏಪ್ರಿಲ್‌ನಲ್ಲೇ ಮುಗಿದಿತ್ತು. ತಯಾರಕರು ಆ ಆವೃತ್ತಿಗೆ ಎಲ್ಲರಿಗೂ ಸಿಗುವ ತಿದ್ದುಪಡಿ ಕಳುಹಿಸುವುದನ್ನು ನಿಲ್ಲಿಸಿದ್ದರಿಂದ ಸೊನ್ನೆ ಬರುತ್ತಿತ್ತೇ ಹೊರತು ಯಂತ್ರ ಭದ್ರವಾಗಿದ್ದುದರಿಂದಲ್ಲ. 2022ರ ಜನವರಿ 25ರಂದು ಕ್ವಾಲಿಸ್ ಎಂಬ ಕಂಪ್ಯೂಟರ್ ಭದ್ರತಾ ಸಂಸ್ಥೆ ‘ಪ್ವನ್‌ಕಿಟ್’ ಎಂಬ ದೋಷವನ್ನು ಬಹಿರಂಗಪಡಿಸಿತು. ಲಿನಕ್ಸಿನ ಹೆಚ್ಚಿನ ವಿತರಣೆಗಳಲ್ಲಿ ಇರುವ ‘ಪಿಕೆಎಕ್ಸೆಕ್’ ಎಂಬ ಸಣ್ಣ ತಂತ್ರಾಂಶದಲ್ಲಿ 2009ರಿಂದಲೂ ಅಡಗಿದ್ದ ಈ ದೋಷದಿಂದ, ಯಾವ ಸಾಮಾನ್ಯ ಬಳಕೆದಾರನಾದರೂ ಯಂತ್ರದ ಸರ್ವಾಧಿಕಾರವನ್ನು, ಅಂದರೆ ರೂಟ್ ಅಧಿಕಾರವನ್ನು ಪಡೆಯಬಹುದಾಗಿತ್ತು. ಮುಕ್ತ ತಂತ್ರಾಂಶದಲ್ಲಿ ತಿದ್ದುಪಡಿಯೂ ಬಹಿರಂಗವಾಗಿಯೇ ಇರುತ್ತದೆ. ತಿದ್ದಿದ ಸಾಲುಗಳನ್ನು ಓದಿದವನಿಗೆ ತಿದ್ದದ ಯಂತ್ರದಲ್ಲಿ ಎಲ್ಲಿ ಕೈ ಹಾಕಬೇಕೆಂಬುದು ತಿಳಿದುಬಿಡುತ್ತದೆ. ಈ ಮುಕ್ತತೆಯನ್ನು ನಾನು ದೂರುತ್ತಿಲ್ಲ, ದೋಷ ಪತ್ತೆಯಾಗಿದ್ದೂ ಅದರಿಂದಲೇ. ಆದರೆ ಬೆಂಬಲ ಮುಗಿದ ಯಂತ್ರಕ್ಕೆ ಅದರ ಅಪಾಯವಷ್ಟೇ ಪಾಲಿಗೆ ಬರುತ್ತದೆ.

ಲಗ್ನಸರಾಯಿಯ ಭರಾಟೆಯಲ್ಲಿ ನಮ್ಮ ಸರ್ವರ್ ಕುಂಟತೊಡಗಿತು. ಒಂದು ವಿನ್ಯಾಸ ತೆರೆಯಲು ನಿಮಿಷಗಟ್ಟಲೆ ಕಾಯಬೇಕಾಗುತ್ತಿತ್ತು. ಕೆಲಸ ಮುಗಿಸಿ ಎಲ್ಲರೂ ಹೊರಟ ಮೇಲೂ ಅದರ ಫ್ಯಾನ್ ಪೂರ್ಣ ವೇಗದಲ್ಲಿ ಕಿರುಗುಟ್ಟುತ್ತಿತ್ತು. ತಂತ್ರಜ್ಞರು ಬಂದು, ಪ್ರೊಸೆಸರನ್ನೆಲ್ಲ ನುಂಗಿದ್ದ ಒಂದು ಪ್ರೋಗ್ರಾಮನ್ನು ನಿಲ್ಲಿಸಿ ಹೋದರು. ಮರುದಿನ ಬೆಳಿಗ್ಗೆ ಅದು ಮತ್ತೆ ಓಡುತ್ತಿತ್ತು.

ಕೊನೆಗೆ ವಿಷಯ ಬಲ್ಲ ಪರಿಚಿತರೊಬ್ಬರು ಯಂತ್ರದಲ್ಲಿ ನಡೆದದ್ದೆಲ್ಲ ದಾಖಲಾಗುವ ಲಾಗ್ ಕಡತಗಳನ್ನು ತೆರೆದು ನೋಡಿದರು. ಸಂಸ್ಥೆಯವರು ದೂರದಿಂದಲೇ ರಿಪೇರಿ ಮಾಡಲು ತಮಗೆ ಅನುಕೂಲವಾಗಲೆಂದು ದೂರದಿಂದ ಲಾಗಿನ್ ಆಗುವ ದಾರಿಯಾದ ಎಸ್‌ಎಸ್‌ಎಚ್ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಟ್ಟಿದ್ದರು, ಸ್ಕ್ಯಾನರಿಗಾಗಿ ತಾವೇ ಮಾಡಿದ್ದ ಖಾತೆಗೆ ಸುಲಭದ ಪಾಸ್‌ವರ್ಡ್ ಕೊಟ್ಟಿದ್ದರು. ಆ ಖಾತೆಯಿಂದ ವಿದೇಶಿ ವಿಳಾಸವೊಂದು ಒಳಬಂದಿತ್ತು. ಅದರ ಬೆನ್ನಿಗೇ ಪಿಕೆಎಕ್ಸೆಕ್ ಹೆಸರಿನಲ್ಲಿ, ‘ಶೆಲ್’ ಎಂಬ ವೇರಿಯಬಲ್‌ನ ಮೌಲ್ಯ ಮಾನ್ಯ ಪಟ್ಟಿಯಲ್ಲಿ ಇಲ್ಲವೆಂಬ ಒಂದು ಸಾಲು ದಾಖಲಾಗಿತ್ತು. ಪ್ವನ್‌ಕಿಟ್ ದಾಳಿ ಬಿಟ್ಟುಹೋಗುವ ಗುರುತುಗಳಲ್ಲಿ ಅದೂ ಒಂದು. ಗುರುತೇ ಉಳಿಯದಂತೆಯೂ ಈ ದಾಳಿ ಮಾಡಬಹುದಾದ್ದರಿಂದ, ಆ ಸಾಲು ಕಾಣದಿದ್ದರೆ ನಿಶ್ಚಿಂತರಾಗಬೇಡಿ. ಒಳಹೊಕ್ಕವರು ಕ್ರಿಪ್ಟೋ ನಾಣ್ಯ ಗಣಿಗಾರಿಕೆಯ ಪ್ರೋಗ್ರಾಮ್ ಹಾಕಿ, ನಿಲ್ಲಿಸಿದರೂ ತಾನೇ ಮತ್ತೆ ಶುರುವಾಗುವಂತೆ ರೂಟ್‌ನ ಕ್ರಾನ್ ಪಟ್ಟಿಯಲ್ಲಿ (ನಿಗದಿತ ಸಮಯಕ್ಕೆ ತಾವಾಗಿಯೇ ನಡೆಯುವ ಕೆಲಸಗಳ ಪಟ್ಟಿ) ಅದನ್ನು ಸೇರಿಸಿದ್ದರು.

ರೂಟ್ ಅಧಿಕಾರ ಕೈತಪ್ಪಿದ ಯಂತ್ರದಲ್ಲಿ ಒಂದೆರಡು ಕಡತ ಅಳಿಸಿ ಪ್ರಯೋಜನವಿಲ್ಲ. ಡಿಸ್ಕ್ ಪೂರ್ತಿ ಅಳಿಸಿ ಹೊಸ ಆವೃತ್ತಿ ಹಾಕಿಸಬೇಕಾಯಿತು. ಹೇಳಿದ ದಿನಕ್ಕೆ ಪತ್ರಿಕೆ ಸಿಗದೆ ಹಲವು ಗಿರಾಕಿಗಳು ಬೇರೆ ಕಡೆ ಹೋದರು. ಸಂಸ್ಥೆಯವರು ಇಂದಿಗೂ ಹೊಣೆ ಒಪ್ಪಿಲ್ಲ.

ನಿಮ್ಮ ಯಂತ್ರದ ಆವೃತ್ತಿ ಸಂಖ್ಯೆಯನ್ನು ಇವತ್ತೇ ನೋಡಿಕೊಳ್ಳಿ. ಉಬುಂಟುವಿನಲ್ಲಿ ಆ ಸಂಖ್ಯೆಯೇ ಬಿಡುಗಡೆಯ ವರ್ಷ ಮತ್ತು ತಿಂಗಳು. ಎಲ್‌ಟಿಎಸ್ (ದೀರ್ಘಾವಧಿ ಬೆಂಬಲದ) ಆವೃತ್ತಿಗೆ ಸಾಮಾನ್ಯ ಬೆಂಬಲ 5 ವರ್ಷ, ಉಳಿದವಕ್ಕೆ 9 ತಿಂಗಳು ಮಾತ್ರ. ಇನ್ನೊಂದು ಲಿನಕ್ಸ್ ವಿತರಣೆಯಾದ ಸೆಂಟ್‌ಒಎಸ್ 7 ಬಳಸುವವರಿಗೆ 2024ರ ಜೂನ್ 30ಕ್ಕೇ ಅವಧಿ ಮುಗಿದಿದೆ. ತಕ್ಷಣ ಬದಲಿಸಲಾಗದಿದ್ದರೆ, ಉಬುಂಟು ಪ್ರೊ ಚಂದಾದಿಂದ ಎಲ್‌ಟಿಎಸ್ ಆವೃತ್ತಿಗೆ ಭದ್ರತಾ ತಿದ್ದುಪಡಿಗಳು ಬಿಡುಗಡೆಯಿಂದ ಒಟ್ಟು 10 ವರ್ಷ ಸಿಗುತ್ತವೆ. ವೈಯಕ್ತಿಕ ಬಳಕೆಗೆ 5 ಯಂತ್ರಗಳವರೆಗೆ ಅದು ಉಚಿತ. ಅಷ್ಟರಲ್ಲಿ ರೌಟರಿನಲ್ಲಿ ಹೊರಗಿನಿಂದ ತೆರೆದ ಪೋರ್ಟುಗಳನ್ನು ಮುಚ್ಚಿಸಿ, ಬ್ಯಾಕಪ್ ಡಿಸ್ಕನ್ನು ಸರ್ವರಿನಿಂದ ಬಿಡಿಸಿ ಇಡಿ, ಮತ್ತು ಗುತ್ತಿಗೆ ನವೀಕರಿಸುವ ಮುನ್ನ ಆವೃತ್ತಿಯ ಬೆಂಬಲ ಯಾವ ದಿನಾಂಕದವರೆಗೆ ಇದೆಯೆಂಬುದನ್ನು ನಿರ್ವಹಣೆಯವರಿಂದ ಬರವಣಿಗೆಯಲ್ಲಿ ಪಡೆಯಿರಿ.