ಚಟ್ನಿಪುಡಿಗೆ ಮೊದಲ ಗಿರಾಕಿಗಳು: ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಾ, ಫೇಸ್‌ಬುಕ್ ಗ್ರೂಪಾ?

ಮನೆಯಲ್ಲೇ ಚಟ್ನಿಪುಡಿ, ಹೋಳಿಗೆ ಮಾಡಿ ಮಾರಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ.

ಖರ್ಚು ನೋಡಿದರೆ ವಾಟ್ಸಾಪ್ ಗ್ರೂಪು, ಫೇಸ್‌ಬುಕ್ ಗ್ರೂಪು ಎರಡೂ ಪುಕ್ಕಟೆ. ಆದರೆ ತಲುಪಿಸುವುದರಲ್ಲಿ ವ್ಯತ್ಯಾಸ ಇದೆ. ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಹತ್ತಿ ಕೊಟ್ಟು ಬಂದರೆ ಮುಗಿಯಿತು. ಫೇಸ್‌ಬುಕ್ಕಿನವರಿಗೆ ಪ್ಯಾಕಿಂಗ್, ಕೊರಿಯರ್ ಎಲ್ಲ ಬೇಕು. ನೂರು ಗ್ರಾಂ ಪೊಟ್ಟಣ ಒಂದನ್ನೇ ಕಳಿಸಿದರೆ ಲಾಭವೆಲ್ಲ ಕೊರಿಯರಿಗೇ ಹೋಗುತ್ತದೆ.

ನಂಬಿಕೆ ವಿಷಯ ಸ್ವಲ್ಪ ಸೂಕ್ಷ್ಮ. ಅಕ್ಕಪಕ್ಕದವರು ಬೇಗ ಕೊಳ್ಳುತ್ತಾರೆ, ಆದರೆ ದಾಕ್ಷಿಣ್ಯಕ್ಕೆ ಸುಮ್ನೆ "ಚೆನ್ನಾಗಿದೆ" ಅಂತಾರೆ. ಆ ಮಾತು ಲೆಕ್ಕಕ್ಕಿಲ್ಲ. ಎರಡನೇ ಸಲ ಕೇಳಿದರೆ ಮಾತ್ರ ನಿಜ. ಗುರುತಿಲ್ಲದವರು ಮುಂಗಡ ಯುಪಿಐ ಮಾಡೋಕೆ ಹಿಂಜರಿಯುತ್ತಾರೆ, ಆದರೆ ಖಾರ ಜಾಸ್ತಿ ಆದರೆ ಮುಲಾಜಿಲ್ಲದೆ ಹೇಳುತ್ತಾರೆ. ಹೊಸ ಸರಕಿಗೆ ಅದೇ ಬೇಕು, ಅಲ್ವಾ? ಇಬ್ಬರಿಗೆ ಮಾರುವುದಾದರೂ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿಕೊಳ್ಳಿ.

ವಾಟ್ಸಾಪ್ ಗ್ರೂಪಿಗೆ 1,024 ಜನರ ಮಿತಿ ಇದೆ. ಬೆಳಗ್ಗೆ ಹಾಕಿದ ಮೆಸೇಜು ಸಂಜೆಗೆ ನೀರಿನ ಟ್ಯಾಂಕರ್ ಜಗಳದಡಿ ಹೂತುಹೋಗಿರುತ್ತದೆ. ಫೇಸ್‌ಬುಕ್ ಪೋಸ್ಟ್ ಹುಡುಕಿದರೆ ತಿಂಗಳಾದ ಮೇಲೂ ಸಿಗುತ್ತದೆ. ಆದರೆ ಅಲ್ಲಿ ಎಷ್ಟೋ ಗ್ರೂಪುಗಳಲ್ಲಿ ಮಾರಾಟಕ್ಕೆ ಅಡ್ಮಿನ್ ಒಪ್ಪಿಗೆ ಬೇಕು. ಮೊದಲು ನಾಲ್ಕು ಜನರ ಪ್ರಶ್ನೆಗೆ ಉತ್ತರಿಸಿ ಪರಿಚಯವಾಗಿ.

ಹೋಳಿಗೆ ಬೇಗ ಕೆಡುತ್ತದೆ, ಅದಕ್ಕೆ ಅಪಾರ್ಟ್‌ಮೆಂಟೇ ಸರಿ. ಯುಗಾದಿ ಹಿಂದಿನ ವಾರ ಆರ್ಡರ್ ತಗೊಳ್ಳಿ. ಚಟ್ನಿಪುಡಿ ವಾರಗಟ್ಟಲೆ ತಡೆಯುತ್ತದೆ. ಪುಣೆ, ದೆಹಲಿಯ ಕನ್ನಡಿಗರ ಫೇಸ್‌ಬುಕ್ ಗ್ರೂಪಿನಲ್ಲಿ ಅದಕ್ಕೆ ಬೇಡಿಕೆ ಹುಡುಕಬಹುದು, ಅರ್ಧ ಕೆಜಿಗೆ ಕಡಿಮೆ ಕಳಿಸಬೇಡಿ.