ಆ್ಯಪ್, ಫೋನ್ ಕ್ಯಾಲೆಂಡರ್, ಗೋಡೆ ಕ್ಯಾಲೆಂಡರ್: ನೌಕರಿ ಜೊತೆ ಖಾರಪುಡಿ ವ್ಯಾಪಾರಕ್ಕೆ ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗೋಡೆಗೆ ತೂಗು ಹಾಕುವ ಕ್ಯಾಲೆಂಡರಿಗೆ. ದುಡ್ಡು ಕೊಟ್ಟು ತಗೊಂಡ ಆ್ಯಪ್ ವರ್ಷ ತುಂಬುವ ಮೊದಲೇ ಫೋನಿನಿಂದ ಹೋಯಿತು. ಫೋನಿನ ಜೊತೆಗೇ ಬಂದ ಕ್ಯಾಲೆಂಡರ್ ಇನ್ನೂ ಇದೆ, ಅದಕ್ಕೊಂದು ಸಣ್ಣ ಕೆಲಸ ಕೊಟ್ಟಿದ್ದೇನೆ.

ನಾನು ಹಾವೇರಿಯ ಒಂದು ಖಾಸಗಿ ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತೇನೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆ. ಉಳಿದ ಹೊತ್ತಿನಲ್ಲಿ ಮನೆಯವರೆಲ್ಲ ಸೇರಿ ಬ್ಯಾಡಗಿ ಮೆಣಸಿನಕಾಯಿ ಖಾರಪುಡಿ, ಮಸಾಲೆ ಖಾರ ಮಾಡಿ ಮಾರುತ್ತೇವೆ. ಗಿರಾಕಿಗಳು ಹೆಚ್ಚಾಗಿ ಬೆಂಗಳೂರು, ಪುಣೆ ಸೇರಿದ ನಮ್ಮ ಕಡೆಯವರೇ. ನನ್ನ ಕೈಗೆ ಸಿಗುವುದು ಬೆಳಗಿನ ಎರಡು ತಾಸು, ಸಂಜೆಯ ಎರಡು ತಾಸು. ಅದೂ ಪೂರ್ತಿ ನನ್ನದಲ್ಲ. ಬ್ಯಾಡಗಿ ಮಾರುಕಟ್ಟೆಯ ಟೆಂಡರ್ ಸೋಮವಾರ ಮತ್ತು ಗುರುವಾರ. ಎರಡೂ ದಿನ ನನಗೆ ಆಫೀಸು. ಅದಕ್ಕೆ ಪೇಟೆಗೆ ಹೋಗುವವರು ಮಾವ. ಒಣಗಿಸುವುದು, ತೊಟ್ಟು ಬಿಡಿಸುವುದು ಅತ್ತೆಯ ಉಸ್ತುವಾರಿ. ಖಾರದ ಗಿರಣಿಯವರು ನಮಗೆ ಕೊಟ್ಟಿರುವುದು ಸಂಜೆ ಏಳರ ಪಾಳಿ, ಆಗ ಬೇರೆಯವರ ಗದ್ದಲ ಇರುವುದಿಲ್ಲ ಅಂತ. ಪಾರ್ಸೆಲ್ ಕೌಂಟರ್ ಮುಚ್ಚುವ ಹೊತ್ತು ನನ್ನ ಆಫೀಸು ಬಿಡುವ ಹೊತ್ತಿಗೆ ಅಂಟಿಕೊಂಡೇ ಇದೆ.

ಇಷ್ಟು ಗೊತ್ತಿದ್ದೂ ಆ್ಯಪ್ ಯಾಕೆ ತಗೊಂಡೆ? ಆಫೀಸಿನಲ್ಲಿ ಒಬ್ಬರು ಬಳಸುತ್ತಿದ್ದರು, ನೋಡಲು ಚೆನ್ನಾಗಿತ್ತು. ವರ್ಷಕ್ಕೆ ಸಾವಿರದ ಮೇಲೆ. ದಿನವನ್ನು ಬಣ್ಣ ಬಣ್ಣದ ತುಂಡು ಮಾಡಿ ಕೊಡುತ್ತದೆ. ಯಾವುದು ಅರ್ಜೆಂಟು, ಯಾವುದು ಮುಖ್ಯ ಅಂತ ನಾಲ್ಕು ಮನೆ ಹಾಕಿ ಕೊಡುತ್ತದೆ. ಪೊಮೊಡೊರೊ ಟೈಮರ್ ಕೂಡ ಇತ್ತು: 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಯಲ್ಲಿ, ಕಾಲೇಜು ಓದುವಾಗ ಅಡುಗೆಮನೆ ಟೈಮರ್ ಇಟ್ಟುಕೊಂಡು ಶುರು ಮಾಡಿದ ಪದ್ಧತಿ ಅದು. ಓದುವವರಿಗೆ, ಕುಳಿತು ಬರೆಯುವವರಿಗೆ ಒಳ್ಳೆಯದೇ. ಬಿಲ್ಲು ಬರೆಯುವಾಗ, ಲೇಬಲ್ ಅಂಟಿಸುವಾಗ ನನಗೂ ಉಪಯೋಗವಾಯಿತು. ಆದರೆ ಮಸಾಲೆ ಖಾರಕ್ಕೆ ಕೊತ್ತಂಬರಿ ಬೀಜ ಹುರಿಯುವಾಗ 25 ನಿಮಿಷ ಆಯಿತು ಅಂತ ಎದ್ದು ಹೋಗೋಕಾಗುತ್ತಾ?

ಇವೆಲ್ಲ ಸಹಿಸಬಹುದಿತ್ತು. ತಲೆ ಕೆಡಿಸಿದ್ದು ಅದರ ರಿಮೈಂಡರ್.

ಜೂನ್ ಬಂತೆಂದರೆ ನಮ್ಮಲ್ಲಿ ಬಿಸಿಲಿನ ಭರವಸೆ ಇಲ್ಲ. ಮೋಡ ಸರಿದ ದಿನ ಮೆಣಸಿನಕಾಯಿ ಹರವಬೇಕು, ಅವತ್ತೇ ಸಂಜೆ ಗಿರಣಿಗೆ ಒಯ್ಯಬೇಕು. ಕಾಯಿ ಮುರಿದರೆ ಟಕ್ ಅನ್ನಬೇಕು, ಒಳಗಿನ ಬೀಜ ಗಿಲಿಗಿಲಿ ಅನ್ನಬೇಕು. ಒಂದು ರಾತ್ರಿ ಬಿಟ್ಟರೆ ಹವೆಗೆ ಮೆತ್ತಗಾಗಿ, ಮುರಿಯುವ ಬದಲು ಬಾಗುತ್ತದೆ. ಅಂಥದ್ದನ್ನು ಗಿರಣಿಗೆ ಹಾಕಿದರೆ ಜರಡಿ ಕಟ್ಟಿಕೊಳ್ಳುತ್ತದೆ, ಪುಡಿ ಗಂಟುಗಂಟಾಗಿ ಬೀಳುತ್ತದೆ. ಅಂಥ ಒಂದು ದಿನ ಬೆಳಿಗ್ಗೆ ಅತ್ತೆ ಕಾಯಿ ಹರವಿದರು. ನಾನು ಆರೂವರೆಗೆ ಗಿರಣಿ ರಿಮೈಂಡರ್ ಇಟ್ಟೆ. ಆಫೀಸಿನಲ್ಲಿ ತಿಂಗಳ ಕೊನೆಯ ಲೆಕ್ಕ, ತಲೆ ಎತ್ತಲು ಪುರುಸೊತ್ತಿಲ್ಲ. ಫೋನು ಸುಮ್ಮನಿತ್ತು. ರಾತ್ರಿ ಒಂಬತ್ತರ ಮೇಲೆ ಆ್ಯಪ್ ತೆರೆದಾಗ ದಿನದ ರಿಮೈಂಡರುಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು. ಗಿರಣಿಯವರು ನಮ್ಮ ಪಾಳಿಯನ್ನು ಅರಿಸಿನದವರಿಗೆ ಕೊಟ್ಟು, ಬಾಗಿಲು ಹಾಕಿ ಮನೆಗೆ ಹೋಗಿದ್ದರು. ಮರುದಿನ ಮಳೆ.

ಕಾರಣ ಹುಡುಕಿದಾಗ ಗೊತ್ತಾಯಿತು. ಕೆಲವು ಆಂಡ್ರಾಯ್ಡ್ ಫೋನುಗಳು ಬ್ಯಾಟರಿ ಉಳಿಸಲೆಂದು ಹಿಂದೆ ಓಡುತ್ತಿರುವ ಆ್ಯಪ್‌ಗಳನ್ನು ಮಲಗಿಸಿಬಿಡುತ್ತವೆ. ಮಲಗಿದ ಆ್ಯಪ್ ಹೊತ್ತಿಗೆ ಸರಿಯಾಗಿ ಕೂಗುವುದಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ, ಆ ಆ್ಯಪಿನ ಬ್ಯಾಟರಿ ಆಯ್ಕೆಯಲ್ಲಿ ನಿರ್ಬಂಧ ತೆಗೆಯಬೇಕು. ತಾನಾಗಿ ಶುರುವಾಗುವ ಅನುಮತಿ ಬೇರೆ ಇದ್ದರೆ ಅದನ್ನೂ ಕೊಡಬೇಕು. ಆಂಡ್ರಾಯ್ಡ್ 12ರಿಂದ ಈಚೆಗೆ ಅಲಾರಂ ಮತ್ತು ರಿಮೈಂಡರಿಗೆ ಪ್ರತ್ಯೇಕ ಅನುಮತಿ ಇದೆ, ಅದೂ ಆನ್ ಇರಬೇಕು. ಎಲ್ಲ ಮಾಡಿದೆ, ಸರಿಯಾಯಿತು. ಆಮೇಲೆ ಫೋನ್ ಅಪ್‌ಡೇಟ್ ಆಯಿತು, ಮತ್ತೆ ಮೊದಲಿನ ಹಾಗೇ. ಆ್ಯಪಿನವರಿಗೆ ಬರೆದರೆ ಫೋನಿನ ಕಡೆ ಬೊಟ್ಟು ಮಾಡಿದರು. ದುಡ್ಡು ತಗೊಂಡವರು ಹೀಗೆ ಕೈ ತೊಳೆದುಕೊಂಡರೆ ಸಿಟ್ಟು ಬರುತ್ತೆ ಅಲ್ವಾ?

ಇನ್ನೊಂದು ಕಿರಿಕಿರಿ. "ಪ್ರತಿ ಸೋಮವಾರ, ಗುರುವಾರ ಪೇಟೆ" ಅಂತ ಹಾಕಿದ್ದೆ. ನಮ್ಮ ವರ್ಷದ ಖರೀದಿ ಜನವರಿಯಿಂದ ಮೇ ತನಕ, ಸೀಸನ್ನಿನಲ್ಲೇ ಮುಗಿಯುತ್ತದೆ. ಮಾಲು ಕಡಿಮೆ ಬಂದ ವಾರ, ರೇಟು ಏರಿದ ವಾರ ಮಾವ ಹೋಗುವುದೇ ಇಲ್ಲ. ಆ್ಯಪಿಗೆ ಅದೆಲ್ಲಿ ತಿಳಿಯಬೇಕು? ಪ್ರತಿ ಸಲ "ಕೆಲಸ ಬಾಕಿ" ಅಂತ ಕೆಂಪು ಅಕ್ಷರ. ಸಾಲದವರು ಬಾಗಿಲಿಗೆ ಬಂದು ನಿಂತ ಹಾಗೆ.

ಫೋನಿನ ಕ್ಯಾಲೆಂಡರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪುಕ್ಕಟೆ, ಕಾಟ ಕಡಿಮೆ. ವರ್ಷಕ್ಕೊಮ್ಮೆ ಬರುವ ತಾರೀಖುಗಳಿಗೆ ಅದೇ ಸರಿ. ಬೈಕಿನ ಇನ್ಶೂರೆನ್ಸ್, ಮುಂಗಡ ತೆರಿಗೆ, ಇಂಥವು. ಸಂಬಳದ ಜೊತೆ ಸಣ್ಣ ವ್ಯಾಪಾರ ಇಟ್ಟುಕೊಂಡು, ಅಂದಾಜು ಲಾಭದ ಲೆಕ್ಕದಲ್ಲಿ (ವಹಿವಾಟಿನ ಇಂತಿಷ್ಟು ಪಾಲು ಲಾಭ ಅಂತ ತೋರಿಸಿ) ರಿಟರ್ನ್ ಹಾಕುವವರು ನೆನಪಿಡಿ: ಟಿಡಿಎಸ್, ಅಂದರೆ ಮೊದಲೇ ಹಿಡಿದುಕೊಂಡ ತೆರಿಗೆ, ಕಳೆದು ಕಟ್ಟಬೇಕಾದ ತೆರಿಗೆ ವರ್ಷಕ್ಕೆ 10,000 ರೂಪಾಯಿ ಮುಟ್ಟಿದರೆ, ಪೂರ್ತಿ ಮುಂಗಡ ತೆರಿಗೆ ಮಾರ್ಚ್ 15ರೊಳಗೆ ಕಟ್ಟಬೇಕು. ಆದರೆ ನನ್ನ ಫೋನಿನ ರಜೆಪಟ್ಟಿಯಲ್ಲಿ ಎಳ್ಳ ಅಮಾವಾಸ್ಯೆ ಇರಲಿಲ್ಲ. ಅವತ್ತು ನಮ್ಮ ಕಡೆ ಊರಿಗೆ ಊರೇ ಚರಗ ಚೆಲ್ಲಲು, ಅಂದರೆ ಭೂತಾಯಿಗೆ ನೈವೇದ್ಯ ಎರಚಲು, ಹೊಲದಲ್ಲಿರುತ್ತದೆ. ತೊಟ್ಟು ಬಿಡಿಸಲು ಯಾರು ಬರುತ್ತಾರೆ?

ಈಗ ಗೋಡೆ ಕ್ಯಾಲೆಂಡರ್. ಇದರ ಸಲಹೆ ಅತ್ತೆಯದು. ಗಿರಣಿ ಪಾಳಿ ತಪ್ಪಿದ ರಾತ್ರಿ ಅವರು ಅಂದದ್ದು ಇಷ್ಟೇ: "ನಿನ್ನ ಫೋನ್ ನಿನ್ನ ಬ್ಯಾಗಿನ್ಯಾಗ ಇರ್ತೈತಿ, ಮೆಣಸಿನಕಾಯಿ ನನ್ನ ಮುಂದ ಇರ್ತಾವ. ಯಾವಾಗ ಏನು ಅಂತ ನಾ ಯಾರನ್ನ ಕೇಳ್ಲಿ?" ಮಾತು ನೇರವಾಗಿತ್ತು. ಆ್ಯಪಿನಲ್ಲಿ ಇದ್ದದ್ದು ನನ್ನೊಬ್ಬಳ ದಿನ. ನಮ್ಮ ವ್ಯಾಪಾರ ನಡೆಯುವುದು ಮೂರು ನಾಲ್ಕು ಜನರ ದಿನದ ಮೇಲೆ.

ಅಡುಗೆಮನೆ ಬಾಗಿಲ ಪಕ್ಕ ಗದಗಿನ ಶಾಬಾದಿಮಠದ ಕ್ಯಾಲೆಂಡರ್ ಮೊದಲಿನಿಂದಲೂ ತೂಗುತ್ತಿತ್ತು. ಹಾಲಿನ ಲೆಕ್ಕ, ಸಿಲಿಂಡರ್ ಬಂದ ತಾರೀಖು ಅದರಲ್ಲೇ. ಅದರ ಪಕ್ಕದಲ್ಲೇ ವ್ಯಾಪಾರಕ್ಕೆ ದೊಡ್ಡ ಚೌಕದ ಇನ್ನೊಂದು ಹಾಕಿದೆವು. ನೂರು ರೂಪಾಯಿಯೂ ಆಗಲಿಲ್ಲ. ಪೇಟೆಗೆ ಹೋಗುವ ದಿನಕ್ಕೆ ಮಾವ ಸುತ್ತು ಹಾಕುತ್ತಾರೆ. ಗಿರಣಿಗೆ "ಗಿ", ಪಾರ್ಸೆಲಿಗೆ "ಪಾ". ಬಿಸಿಲು ನೋಡಿ ಮಾಡುವ ಕೆಲಸವೆಲ್ಲ ಪೆನ್ಸಿಲ್‌ನಲ್ಲಿ, ಅಳಿಸಿ ಮುಂದಕ್ಕೆ ಹಾಕಲು. ಅಮಾವಾಸ್ಯೆ ಅದರಲ್ಲೇ ಅಚ್ಚಾಗಿರುತ್ತದೆ. ನಮ್ಮ ಗಿರಣಿ ಅಮಾವಾಸ್ಯೆಗೆ ಬಂದ್, ಹಾಗಾಗಿ ಅದು ತುಂಬ ಕೆಲಸಕ್ಕೆ ಬರುತ್ತದೆ. ಗಿರಣಿ ದಿನ ನಾನು ಆಫೀಸಿನಲ್ಲಿ ಸಿಕ್ಕಿಕೊಂಡರೆ ಗೋಡೆ ನೋಡಿ ಮಾವನೇ ಚೀಲ ಒಯ್ಯುತ್ತಾರೆ. ನಾನು ನೆನಪಿಡಬೇಕಾದ್ದೂ ಇಲ್ಲ, ಫೋನ್ ಮಾಡಿ ಹೇಳಬೇಕಾದ್ದೂ ಇಲ್ಲ.

ಮುಗಿದ ತಿಂಗಳ ಹಾಳೆ ಹರಿಯುವುದಿಲ್ಲ, ಹಿಂದಕ್ಕೆ ಮಡಚುತ್ತೇವೆ. ಹೋದ ವರ್ಷ ದೀಪಾವಳಿ ಆರ್ಡರ್ ಯಾವಾಗ ಶುರುವಾಗಿತ್ತು ಅಂತ ನೋಡಿದರೆ, ಹಬ್ಬಕ್ಕೆ ಮೂರು ವಾರ ಮೊದಲೇ "ಪಾ" ಒತ್ತೊತ್ತಾಗಿ ಬಿದ್ದಿತ್ತು. ಈ ಸಲ ಆಫೀಸಿನ ರಜೆಯನ್ನು ಹಬ್ಬದ ವಾರಕ್ಕೆ ಕೇಳದೆ ಆ ವಾರಕ್ಕೇ ಕೇಳಿದೆ.

ಕೊರತೆ ಇದೆ. ಅದು ಕೂಗಿ ಎಬ್ಬಿಸುವುದಿಲ್ಲ, ಜೊತೆಗೆ ಒಯ್ಯಲೂ ಆಗುವುದಿಲ್ಲ. ಸೋಮವಾರ ಬೆಳಿಗ್ಗೆ ಒಂದು ಫೋಟೊ ಹೊಡೆದುಕೊಳ್ಳುತ್ತೇನೆ, ಸಾಕು. ಕೊಳ್ಳುವಾಗ ಚೌಕ ನೋಡಿ ಕೊಳ್ಳಿ. ಕೆಲವದರಲ್ಲಿ ರಾಶಿ, ಮುಹೂರ್ತ, ಜಾಹೀರಾತು ತುಂಬಿ ಪೆನ್ನಿಡಲು ಜಾಗ ಇರುವುದಿಲ್ಲ.

ಆಫೀಸಿನ ಹೊತ್ತಿನಲ್ಲಿ ಬರುವ ಆರ್ಡರಿಗೆ ಈ ಮೂರೂ ಉಪಯೋಗವಿಲ್ಲ. ಅದಕ್ಕೆ ವಾಟ್ಸ್ಆ್ಯಪ್ ಬಿಸಿನೆಸ್. "ಸಂಜೆ ಆರರ ಮೇಲೆ ಉತ್ತರಿಸುತ್ತೇವೆ" ಅಂತ ತಾನಾಗಿ ಹೋಗುವ ಸಂದೇಶ ಇಡಬಹುದು, ಹಣ ಬಂದ ಆರ್ಡರಿಗೆ ಬೇರೆ ಲೇಬಲ್ ಹಚ್ಚಬಹುದು. ದುಡ್ಡಿಲ್ಲ.

ಒಬ್ಬರೇ ಕೂತು ಮಾಡುವ ಕೆಲಸ ನಿಮ್ಮದಾದರೆ, ಡಿಸೈನೋ ಟ್ಯೂಷನ್ನೋ ಆದರೆ, ಆ್ಯಪ್ ನೋಡಿ. ತಿಂಗಳ ಲೆಕ್ಕದಲ್ಲಿ ತಗೊಳ್ಳಿ, ವರ್ಷಕ್ಕೆ ಒಮ್ಮೆಲೆ ಕೊಡಬೇಡಿ. ಮನೆ ಮಂದಿಯ ಕೈ ಸೇರಿದ್ದರೆ ಗೋಡೆಯೇ. ನನ್ನ ಆ್ಯಪಿನ ದುಡ್ಡಿಗೆ ಹತ್ತು ಹದಿನೈದು ಕ್ಯಾಲೆಂಡರ್ ಬರುತ್ತಿದ್ದವು. ಬರುವ ಜನವರಿಗೆ ಎರಡು ತರುತ್ತೇನೆ, ಒಂದು ಗಿರಣಿಯ ಗೋಡೆಗೆ. ಗಿರಣಿ ಅಣ್ಣ ಒಪ್ಪಿದ್ದಾರೆ. ಅರಿಸಿನದವರ ಪಾಳಿಯನ್ನೂ ಅದರಲ್ಲೇ ಬರೆಯುತ್ತಾರಂತೆ.