‘ಬೆಲ್ಟ್ ಹಾಕ್ಸ್ಯಾರ್ರಿ’ ಅಂದರೆ ಯಾವ ಬೆಲ್ಟ್ ಅಂತ ಕೇಳಿ

ಕಲಬುರಗಿ, ಬೀದರ್ ಕಡೆ ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ನೋಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಾರುವವರು ಬಾನೆಟ್ ಎತ್ತಿ ಹೊಸ ಬೆಲ್ಟ್ ತೋರಿಸಬಹುದು. ಬಿಲ್ ಕೂಡ ಕೈಗೆ ಕೊಡಬಹುದು. ಅಷ್ಟಕ್ಕೇ ಒಪ್ಪಿಕೊಳ್ಳಬೇಡಿ. ಬಾನೆಟ್ ಎತ್ತಿದರೆ ಕಾಣುವ ಬೆಲ್ಟ್ ಬೇರೆ, ಎಂಜಿನ್ನಿನ ಜೀವ ಹಿಡಿದಿರುವ ಬೆಲ್ಟ್ ಬೇರೆ. ಎರಡನೆಯದಕ್ಕೆ ಟೈಮಿಂಗ್ ಬೆಲ್ಟ್ ಅಂತಾರೆ, ಅದು ಕವರಿನ ಒಳಗಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಇದೊಂದರಿಂದ ನನಗೆ ಅರವತ್ತು ಸಾವಿರದ ಹತ್ತಿರ ಹೊಡೆತ ಬಿದ್ದಿದೆ.

ಕಾರು ತಗೊಂಡಿದ್ದು ಕಲಬುರಗಿಯ ಒಬ್ಬ ಹಳೇ ಕಾರು ವ್ಯಾಪಾರಿಯ ಹತ್ತಿರ. ಒಂದೂವರೆ ಲೀಟರ್ ಡೀಸೆಲ್. ಮೀಟರ್ ಒಂದು ಲಕ್ಷ ದಾಟಿತ್ತು. ಈ ಎಂಜಿನ್‌ಗೆ ಚೈನ್ ಇಲ್ಲ, ಟೈಮಿಂಗ್ ಬೆಲ್ಟ್ ಇದೆ ಅಂತ ನನಗೆ ಮೊದಲೇ ಗೊತ್ತಿತ್ತು. ಅದಕ್ಕೇ ನೇರವಾಗಿ ಕೇಳಿದೆ.

“ಟೈಮಿಂಗ್ ಬೆಲ್ಟ್ ಹಾಕ್ಸ್ಯಾರೇನ್ರಿ?”

“ಹಾಕ್ಸ್ಯಾರ್ರಿ. ಹೋದ ವರ್ಷನೇ ಹಾಕ್ಸ್ಯಾರ. ಬಿಲ್ಲೂ ಅದ, ನೋಡ್ರಿ.”

ಬಿಲ್ ಇತ್ತು. ‘ಬೆಲ್ಟ್ ಚೇಂಜ್’ ಅಂತ ಬರೆದು, ಮುಂದೆ 1,850 ರೂಪಾಯಿ, ಕೆಳಗೆ ಗ್ಯಾರೇಜಿನ ಸೀಲು. ಬಾನೆಟ್ ಎತ್ತಿ, ಮೊಬೈಲ್ ಟಾರ್ಚ್ ಹಾಕಿ ಎಂಜಿನ್ ಪಕ್ಕದ ಬೆಲ್ಟ್ ತೋರಿಸಿದರು. ಕರಿ ರಬ್ಬರು, ಮೇಲೆ ಬಿಳಿ ಅಕ್ಷರ ಇನ್ನೂ ಹಾಗೇ ಇತ್ತು, ನಿಜವಾಗಿಯೂ ಹೊಸದೇ. ಆದರೆ ಅದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್. ನಮ್ಮ ಕಡೆ ಫ್ಯಾನ್ ಬೆಲ್ಟ್ ಅಂತೀವಲ್ಲ, ಅದು. ಕೇಳಿದ್ದು ಒಂದು, ತೋರಿಸಿದ್ದು ಇನ್ನೊಂದು.

ಕೆಲವು ತಿಂಗಳು ಕಾರು ಚೆನ್ನಾಗಿಯೇ ಓಡಿತು. ಒಂದು ದಿನ ಅವ್ವನ್ನ ಕರಕೊಂಡು ಬೀದರ್‌ಗೆ, ಝರಣಿ ನರಸಿಂಹನ ದರ್ಶನಕ್ಕೆ ಹೋಗಿದ್ದೆವು. ವಾಪಸ್ ಬರುವಾಗ ಹುಮನಾಬಾದ್ ದಾಟಿ ಕಮಲಾಪುರದ ಹತ್ತಿರ ಬಂದಿದ್ದೆವು. ಯಾವ ಸದ್ದೂ ಇಲ್ಲ, ಹೊಗೆ ಇಲ್ಲ, ಮೀಟರಿನಲ್ಲಿ ಮೊದಲೇ ಒಂದು ದೀಪವೂ ಹತ್ತಲಿಲ್ಲ. ಟಪ್ ಅಂತ ಒಂದು ಸಣ್ಣ ಸದ್ದು ಬಂತು, ಎಂಜಿನ್ ಬಂದ್. ಅದೇ ಗಳಿಗೆಯಲ್ಲಿ ಸ್ಟೀರಿಂಗ್ ಕಲ್ಲಿನಂತೆ ಬಿಗಿಯಾಯಿತು. ಬ್ರೇಕ್ ಎರಡು ಸಲ ಒತ್ತುವಷ್ಟರಲ್ಲಿ ಪೆಡಲ್ ಗಟ್ಟಿಯಾಯಿತು. ಬ್ರೇಕ್ ಹಗುರವಾಗಿ ಒತ್ತಲು ನೆರವಾಗುವ ಬೂಸ್ಟರ್ ವ್ಯಾಕ್ಯೂಮ್ ಮೇಲೆ ಕೆಲಸ ಮಾಡುತ್ತದೆ; ಎಂಜಿನ್ ನಿಂತರೆ ಅದು ಸಿಗುವುದಿಲ್ಲ, ಉಳಿದದ್ದು ಒಂದೆರಡು ಒತ್ತಿಗೆ ಖಾಲಿ. ಹಿಂದೆ ಲಾರಿ ಬರುತ್ತಿತ್ತು. ಹೇಗೋ ಎಳೆದು ಬದಿಗೆ ತಂದೆ. ಹಿಂದಿನ ಸೀಟಲ್ಲಿ ಅವ್ವ, ಮಕ್ಕಳು. ದುಡ್ಡಿನ ಲೆಕ್ಕ ಆಮೇಲಿನದು. ನನಗೆ ಇವತ್ತಿಗೂ ಸಿಟ್ಟು ಬರುವುದು ಆ ಒಂದು ನಿಮಿಷಕ್ಕೆ.

ದಾರಿಯಲ್ಲಿ ನಿಂತ ಒಬ್ಬ ಹುಡುಗ “ಡೀಸೆಲ್‌ನ್ಯಾಗ ಏರ್ ಹಿಡದಾದ್ರಿ, ತಳ್ಳಿ ಸ್ಟಾರ್ಟ್ ಮಾಡಮು” ಅಂದ. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದ. ಆದರೆ ಸ್ಟಾರ್ಟರ್ ಹೊಡೆದಾಗ ಬಂದ ಸದ್ದು ಬೇರೆಯೇ ಇತ್ತು. ಡೀಸೆಲ್ ಎಂಜಿನ್ ಸ್ಟಾರ್ಟ್ ಮಾಡುವಾಗ ಗುರ್ ಗುರ್ ಅಂತ ತಡೆದು ತಡೆದು ತಿರುಗುತ್ತದೆ. ಇದು ಸರ್ರನೆ, ಹಗುರವಾಗಿ ತಿರುಗಿತು. ಸಿಲಿಂಡರಿನಲ್ಲಿ ಗಾಳಿಯ ಒತ್ತಡ ನಿಲ್ಲುತ್ತಿಲ್ಲ, ಅಂದರೆ ಕಂಪ್ರೆಷನ್ ಇಲ್ಲ ಅಂತ ಅರ್ಥ. ನಮ್ಮ ಮನೆ ಕಾರುಗಳನ್ನೆಲ್ಲ ನೋಡುವ ಉಸ್ತಾದ್ ರಿಂಗ್ ರೋಡ್ ಕಡೆ ಇದ್ದಾರೆ. ಅವರಿಗೆ ಫೋನ್ ಹಚ್ಚಿ ಸದ್ದು ಹೇಗೆ ಬಂತು ಅಂತ ಹೇಳಿದೆ. “ಚಾವಿ ತೆಗೀರಿ ಮೊದಲ. ಇನ್ನೊಮ್ಮೆ ಹೊಡಿಬ್ಯಾಡ್ರಿ, ತಳ್ಳಬ್ಯಾಡ್ರಿ. ಹಂಗೇ ಎತ್ಕೊಂಡು ತರ್ರಿ” ಅಂದರು. ಈ ಮಾತು ನೆನಪಿಟ್ಟುಕೊಳ್ಳಿ. ಟೈಮಿಂಗ್ ಹೋಗಿದೆ ಅಂತ ಅನುಮಾನ ಬಂದರೆ ಸ್ಟಾರ್ಟರ್ ಮುಟ್ಟಬಾರದು. ಗೇರ್ ಹಾಕಿ ತಳ್ಳಬಾರದು, ಗೇರಿನಲ್ಲಿಟ್ಟು ಎಳೆಯಲೂ ಬಾರದು. ಇಲ್ಲದಿದ್ದರೆ ಎಂಜಿನ್ನಿಗೆ ಗಾಳಿ ಬಿಡುವ, ಹೊಗೆ ಹೊರಹಾಕುವ ವಾಲ್ವ್‌ಗಳಲ್ಲಿ ಉಳಿದವೂ ಹೋಗುತ್ತವೆ.

ಗ್ಯಾರೇಜಿನಲ್ಲಿ ಉಸ್ತಾದ್ ಆಯಿಲ್ ಹಾಕುವ ಮುಚ್ಚಳ ತೆಗೆದರು. ಆ ರಂಧ್ರದಿಂದ ವಾಲ್ವ್ ತೆರೆಯುವ ದಂಡ, ಅಂದರೆ ಕ್ಯಾಮ್‌ಶಾಫ್ಟ್, ಕಾಣುತ್ತದೆ. ಪಾನಾ ಹಾಕಿ ಕೆಳಗಿನ ಪುಲ್ಲಿಯನ್ನು ಕೈಯಿಂದ ಸ್ವಲ್ಪವೇ ತಿರುಗಿಸಿದರು. ಕೆಳಗೆ ಪಿಸ್ಟನ್‌ಗಳಿಗೆ ಸೇರಿದ ಕ್ರ್ಯಾಂಕ್ ತಿರುಗಿತು, ಮೇಲೆ ಕ್ಯಾಮ್ ಅಲುಗಲಿಲ್ಲ, ಅಂದರೆ ನಡುವಿನ ಬೆಲ್ಟ್ ಹಿಡಿಯುತ್ತಿಲ್ಲ. ಆಮೇಲೆ ಟೈಮಿಂಗ್ ಕವರ್ ಬಿಚ್ಚಿದರು. ಬೋಲ್ಟ್‌ಗಳ ತಲೆ ಮೇಲೆ ಫ್ಯಾಕ್ಟರಿಯಲ್ಲಿ ಎಳೆದ ಬಣ್ಣದ ಗುರುತು ಇನ್ನೂ ಹಾಗೇ ಇತ್ತು. ಕವರ್ ಒಂದು ಸಲವೂ ತೆರೆದಿಲ್ಲ. ಒಳಗಿನ ಬೆಲ್ಟ್ ತುಂಡಾಗಿರಲಿಲ್ಲ. ಅಂಗೈ ಅಗಲದಷ್ಟು ಜಾಗದಲ್ಲಿ ಹಲ್ಲುಗಳು ಪೂರ್ತಿ ಕಿತ್ತು ಹೋಗಿದ್ದವು. ಕಿತ್ತ ಹಲ್ಲು ಕವರಿನ ತಳದಲ್ಲಿ ಬಿದ್ದಿದ್ದವು. ಉಳಿದ ಕಡೆ ಬೆಲ್ಟ್ ಮಡಚಿದರೆ ಸಣ್ಣ ಸಣ್ಣ ಬಿರುಕು. “ಇದು ಕಂಪನಿದೇ ಬೆಲ್ಟ್ ರೀ, ಯಾರೂ ಕೈ ಹಚ್ಚಿಲ್ಲ” ಅಂದರು. ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಇಳಿಸಿದಾಗ ಎಂಟು ವಾಲ್ವ್‌ಗಳಲ್ಲಿ ಆರು ಬಗ್ಗಿದ್ದವು. ಪಿಸ್ಟನ್ ತಲೆ ಮೇಲೆ ಅರ್ಧಚಂದ್ರದಂಥ ಗಾಯ.

ಯಾಕೆ ಹೀಗಾಗುತ್ತದೆ? ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದರೆ ಕ್ಯಾಮ್‌ಶಾಫ್ಟ್ ಸರಿಯಾಗಿ ಒಂದು ಸುತ್ತು ತಿರುಗಬೇಕು. ಎಂಜಿನ್ 2000 ಆರ್‌ಪಿಎಂನಲ್ಲಿದ್ದರೆ, ಅಂದರೆ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದ್ದರೆ, ಒಂದೊಂದು ವಾಲ್ವ್ ಸೆಕೆಂಡಿಗೆ 16 ಸಲಕ್ಕಿಂತ ಜಾಸ್ತಿ ತೆರೆದು ಮುಚ್ಚುತ್ತದೆ. ಪಿಸ್ಟನ್ ಮೇಲೆ ಬರುವಷ್ಟರಲ್ಲಿ ವಾಲ್ವ್ ಜಾಗ ಬಿಟ್ಟಿರಬೇಕು. ಕೋಲಾಟದಲ್ಲಿ ಒಬ್ಬರ ತಾಳ ತಪ್ಪಿದರೆ ಕೋಲು ಬೆರಳಿಗೆ ಬೀಳುತ್ತದಲ್ಲ, ಹಾಗೆ. ಆ ತಾಳ ಹಿಡಿಯುವುದೇ ಟೈಮಿಂಗ್ ಬೆಲ್ಟ್ ಅಥವಾ ಚೈನ್. ಈಗಿನ ಡೀಸೆಲ್ ಎಂಜಿನ್‌ಗಳಲ್ಲಿ ಪಿಸ್ಟನ್‌ಗೂ ವಾಲ್ವ್‌ಗೂ ನಡುವೆ ಬಿಡುವು ತೀರಾ ಕಮ್ಮಿ. ಬೆಲ್ಟ್ ಹೋದರೆ ಬಡಿದಾಟ ಗ್ಯಾರಂಟಿ.

ಕಾರಿನ ಹೆಸರು ನೋಡಿ ಬೆಲ್ಟೋ ಚೈನೋ ಅಂತ ತೀರ್ಮಾನ ಮಾಡಬೇಡಿ. ಎಂಜಿನ್ ನೋಡಿ. ಹ್ಯುಂಡೈ ಐ10 ಹೆಸರಿನಲ್ಲೇ 1.1 ಲೀಟರ್ ಎಂಜಿನ್‌ಗೆ ಬೆಲ್ಟ್, 1.2 ಕಪ್ಪಾ ಎಂಜಿನ್‌ಗೆ ಚೈನ್. ಆಲ್ಟೊ 800ಕ್ಕೆ ಬೆಲ್ಟ್, ಆಲ್ಟೊ ಕೆ10ಕ್ಕೆ ಚೈನ್. ನಮ್ಮ ಕಡೆ ಬಾಡಿಗೆಗೆ ಜಾಸ್ತಿ ಓಡುವ ಹಳೇ ಇನ್ನೋವಾದ 2.5 ಡೀಸೆಲ್‌ಗೆ ಬೆಲ್ಟ್, ಇನ್ನೋವಾ ಕ್ರಿಸ್ಟಾದ 2.4 ಡೀಸೆಲ್‌ಗೆ ಚೈನ್. ಡಸ್ಟರ್ 1.5 ಡೀಸೆಲ್‌ಗೆ ಬೆಲ್ಟ್. ಸ್ವಿಫ್ಟ್, ಡಿಸೈರ್‌ನಲ್ಲಿ ಬರುತ್ತಿದ್ದ 1.3 ಡೀಸೆಲ್‌ಗೆ ಚೈನ್. ಬೆಲ್ಟ್ ಎಂಜಿನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದು ಹಗುರ, ಸದ್ದು ಕಮ್ಮಿ, ಹೊತ್ತಿಗೆ ಸರಿಯಾಗಿ ಬದಲಾಯಿಸಿದರೆ ಏನೂ ತೊಂದರೆ ಇಲ್ಲ. ಆದರೆ ಅದು ಮುಂಚೆ ಸುಳಿವು ಕೊಡದೆ ಹೋಗಬಹುದು.

ಚೈನ್ ಇದ್ದರೆ ನಿಶ್ಚಿಂತೆ, ಲೈಫ್‌ಟೈಮ್ ಅನ್ನುವವರ ಮಾತನ್ನೂ ಪೂರ್ತಿ ನಂಬಬೇಡಿ. ಚೈನ್ ಬಿಗಿ ಹಿಡಿಯುವ ಟೆನ್ಷನರ್ ಬಹಳಷ್ಟು ಎಂಜಿನ್‌ಗಳಲ್ಲಿ ಆಯಿಲ್ ಪ್ರೆಶರ್ ಮೇಲೆ ಕೆಲಸ ಮಾಡುತ್ತದೆ. ಆಯಿಲ್ ಬದಲಾಯಿಸದೆ ಸುಮ್ನೆ ಓಡಿಸಿದರೆ ಚೈನಿನ ಕೀಲುಗಳು ಸವೆದು ಅದು ಉದ್ದ ಆಗುತ್ತದೆ. ಬೆಳಿಗ್ಗೆ ಮೊದಲ ಸ್ಟಾರ್ಟಿನಲ್ಲಿ ಕರಕರ ಅನ್ನುವ ಸದ್ದು ಶುರುವಾಗುತ್ತದೆ. ಹಾಗಾಗಿ ಚೈನ್ ಕಾರು ನೋಡಲು ಬೆಳಿಗ್ಗೆಯೇ ಹೋಗಿ, ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ಕೇಳಿ. ನೀವು ಬರುವ ಹೊತ್ತಿಗೆ ಎಂಜಿನ್ ಬಿಸಿ ಮಾಡಿ ಇಟ್ಟಿದ್ದರೆ ಯಾಕೆ ಅಂತ ವಿಚಾರಿಸಿ.

ಬೆಲ್ಟ್ ಕಾರಿಗೆ ಎಷ್ಟು ಕಿಲೋಮೀಟರ್ ಅನ್ನುವುದು ಕಂಪನಿ ಕೊಟ್ಟ ಪುಸ್ತಕದಲ್ಲಿರುತ್ತದೆ. ಎಂಜಿನ್‌ನಿಂದ ಎಂಜಿನ್‌ಗೆ ಅದು ಬೇರೆ. ಜೊತೆಗೆ ವರ್ಷದ ಲೆಕ್ಕವೂ ಇರುತ್ತದೆ, ಇದನ್ನು ಬಹಳ ಜನ ಮರೆಯುತ್ತಾರೆ. ರಬ್ಬರು ಓಡದೆ ನಿಂತರೂ ಹಳತಾಗುತ್ತದೆ. ನಮ್ಮಲ್ಲಿ ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ಹೊಸದೇನಲ್ಲ. ಸೇಡಂ, ಮಳಖೇಡ, ವಾಡಿ ಕಡೆ ಸಿಮೆಂಟ್ ಧೂಳು ಬೇರೆ. ಟೈಮಿಂಗ್ ಕವರ್ ಒಡೆದಿದ್ದರೆ ಆ ಧೂಳೆಲ್ಲ ಒಳಗೆ ಹೋಗುತ್ತದೆ. ಪಕ್ಕದ ಸೀಲ್‌ನಿಂದ ಆಯಿಲ್ ಸೋರಿ ಬೆಲ್ಟಿಗೆ ತಾಗಿದರೂ ಅದರ ಆಯಸ್ಸು ಮುಗಿದಂತೆ. ಈ ಕಡೆಯ ಕಾರಾದರೆ ಪುಸ್ತಕದ ಲೆಕ್ಕಕ್ಕಿಂತ ಸ್ವಲ್ಪ ಮುಂಚೆಯೇ ಹಾಕಿಸುವುದು ವಾಸಿ ಅಂತ ನನ್ನ ಅಭಿಪ್ರಾಯ.

ಈಗ ಬಿಲ್ಲಿನ ವಿಷಯ. ಟೈಮಿಂಗ್ ಬೆಲ್ಟ್ ಒಂದನ್ನೇ ಬದಲಾಯಿಸಿ ಬಿಡುವುದು ಸರಿಯಲ್ಲ. ಬೆಲ್ಟ್ ಬಿಗಿ ಹಿಡಿಯುವ ಟೆನ್ಷನರ್, ಅದರ ದಾರಿ ಹಿಡಿಯುವ ಐಡ್ಲರ್ ಪುಲ್ಲಿ ಸೇರಿ ಕಿಟ್ ಬರುತ್ತದೆ. ಅದೇ ಬೆಲ್ಟ್ ವಾಟರ್ ಪಂಪ್ ತಿರುಗಿಸುವ ಎಂಜಿನ್ ಆದರೆ ಪಂಪನ್ನೂ ಹಾಕಿಸಬೇಕು, ಯಾಕಂದರೆ ಪಂಪ್ ಜಾಮ್ ಆದರೆ ಹೊಸ ಬೆಲ್ಟ್ ಕೂಡ ಉಳಿಯುವುದಿಲ್ಲ. ನನ್ನ ಕಾರಿಗೆ ಎಲ್ಲ ಸೇರಿ, ಮಜೂರಿ ಹಿಡಿದು, ಉಸ್ತಾದ್ ಹೇಳಿದ್ದು 10-12 ಸಾವಿರ. ಅಂಥ ಕೆಲಸಕ್ಕೆ 1,850 ರೂಪಾಯಿ ಬಿಲ್ ಬರಲು ಸಾಧ್ಯವೇ ಇಲ್ಲ. ಬಿಲ್ಲಿನಲ್ಲಿ ‘ಟೈಮಿಂಗ್ ಬೆಲ್ಟ್ ಕಿಟ್’ ಅಂತ ಬಿಡಿಸಿ ಬರೆದಿರಬೇಕು, ಪಾರ್ಟ್ ನಂಬರ್ ಇರಬೇಕು, ತಾರೀಕು ಮತ್ತು ಆ ದಿನದ ಕಿಲೋಮೀಟರ್ ಇರಬೇಕು. ನೀವೇ ಹಾಕಿಸುವುದಾದರೆ ಹಳೇ ಬೆಲ್ಟ್ ಕೇಳಿ ಮನೆಗೆ ತನ್ನಿ. ಕೊಡದವರ ಹತ್ತಿರ ಮತ್ತೆ ಹೋಗಬೇಡಿ. ಕೊಳ್ಳುವ ಮುಂಚೆ ನಿಮ್ಮ ನಂಬಿಕೆಯ ಮಿಸ್ತ್ರಿಯನ್ನು ಕರಕೊಂಡು ಹೋಗಿ ಮೇಲಿನ ಕವರ್ ತೆಗೆಸಿ ನೋಡಿ. ಬಹಳ ಕಾರುಗಳಲ್ಲಿ ಅದು ದೊಡ್ಡ ಕೆಲಸವಲ್ಲ. ಮಾರುವವರು ಬೇಡ ಅಂದರೆ ಆ ಕಾರೇ ಬೇಡ. ಗಟ್ಟಿ ಬಿಲ್ ಸಿಗದೆಯೂ ಕಾರು ಮನಸ್ಸಿಗೆ ಬಂದಿದ್ದರೆ, ಕಿಟ್ಟಿನ ದುಡ್ಡು ಬೆಲೆಯಲ್ಲಿ ಕಳೆದು ಮಾತಾಡಿ. ತಂದ ವಾರದಲ್ಲೇ ಹಾಕಿಸಿ.

ಇನ್ಶೂರೆನ್ಸ್ ಕೊಡುತ್ತಾರೇನೋ ಅಂತ ಕೆಲವರು ಕೇಳಿದರು. ಸಾಮಾನ್ಯ ಮೋಟಾರ್ ಪಾಲಿಸಿಯಲ್ಲಿ ಮೆಕ್ಯಾನಿಕಲ್ ಬ್ರೇಕ್‌ಡೌನ್, ಅಂದರೆ ಎಂಜಿನ್ ಭಾಗಗಳು ತಾವಾಗಿಯೇ ಕೆಡುವುದು, ಬರುವುದಿಲ್ಲ.

ವ್ಯಾಪಾರಿಯ ಹತ್ತಿರ ಕಿತ್ತ ಬೆಲ್ಟ್ ಹಿಡಿದುಕೊಂಡೇ ಹೋದೆ. “ಬೆಲ್ಟ್ ಹಾಕ್ಸ್ಯಾರಂತ ಹೇಳೀನಿ, ಹಾಕ್ಸ್ಯಾರ. ಸುಳ್ಳೇನೈತ್ರಿ?” ಅಂದರು. ಒಂದು ರೂಪಾಯಿ ಕೊಡಲಿಲ್ಲ. ಈಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ತಯಾರು ಮಾಡುತ್ತಿದ್ದೇನೆ. ಅವರ ಬಿಲ್, ಬೋಲ್ಟ್ ಮೇಲಿನ ಗುರುತಿನ ಫೋಟೊ, ಉಸ್ತಾದರ ಬಿಲ್, ಹಳೇ ಬೆಲ್ಟ್ ಎಲ್ಲ ಇಟ್ಟುಕೊಂಡಿದ್ದೇನೆ. ಇದೇ ರೀತಿ ಮೋಸ ಆದವರು ನೀವೂ ಇದ್ದರೆ ಸುಮ್ಮನಿರಬೇಡಿ. ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆಯೋಗಕ್ಕೆ ಹೋಗುವುದಾದರೆ 2 ವರ್ಷದ ಒಳಗೆ ದೂರು ಕೊಡಬೇಕು. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ದೂರಿಗೆ ಫೀ ಇಲ್ಲ.